ಚಕ್ರಕ್ಕೆ ಕೊಟ್ಟ ಕಲ್ಲು

ಫೋಟೋದಲ್ಲಿ ಒಂದು ಕಲ್ಲಿತ್ತು.

ಅಂಗೈ ಅಗಲದ್ದು. ಅಣ್ಣನ ಸ್ಕೂಟರಿನ ಹಿಂದಿನ ಚಕ್ರಕ್ಕೆ ಯಾರೋ ಅದನ್ನು ಒತ್ತಿ ಕೊಟ್ಟಿದ್ದರು. ಪೊಲೀಸರು ತೆಗೆದ ಈ ಫೋಟೋವನ್ನು ಎರಡು ತಿಂಗಳಲ್ಲಿ ನೂರು ಸಲ ನೋಡಿದ್ದೇನೆ. ನೂರು ಸಲವೂ ಕಣ್ಣು ಕಂಬದ ತುದಿಗೇ ಹೋಗುತ್ತಿತ್ತು, ಅಲ್ಲಿ ಇನ್ನೂ ನೇತಾಡುತ್ತಿದ್ದ ಅವನ ಬೆಲ್ಟಿಗೆ. ಕೆಳಗೆ ನೋಡಿದ್ದು ಇವತ್ತೇ ಮೊದಲು.

ಶಾಸನಸಭೆಯ ಹಿಂಬದಿಯ ಕಟ್ಟಡ, ಎರಡನೇ ಮಹಡಿ, ಸಮಿತಿಯ ಓದುವ ಕೋಣೆ. ಮೇಜಿನ ಮೇಲೆ ವಿದ್ಯುತ್ ನಿಗಮ ಕಳಿಸಿದ ಹನ್ನೊಂದು ಕಡತ. ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಮಧ್ಯಾಹ್ನ ಮೂರಕ್ಕೆ ಕೊನೆಯ ವಿಚಾರಣೆ, ಸಂಜೆಯೊಳಗೆ ವರದಿಗೆ ಸಹಿ. ಅಷ್ಟರಲ್ಲಿ ನಾನೇನೂ ತರದೆ ಹೋದರೆ, ನಿಗಮ ಬರೆದುಕೊಟ್ಟ ಸಾಲೇ ಸಭೆಯ ಸತ್ಯವಾಗಿ ಅಚ್ಚಾಗುತ್ತದೆ: "ಮೃತ ಲೈನ್‌ಮ್ಯಾನ್ ಸಬ್‌ಸ್ಟೇಷನ್‌ಗೆ ಬಾರದೆ, ಅನುಮತಿ ಪಡೆಯದೆ, ತನ್ನ ವಾಹನದಲ್ಲಿ ನೇರವಾಗಿ ಸ್ಥಳಕ್ಕೆ ಹೋಗಿ, ಕರೆಂಟು ಹರಿಯುತ್ತಿದ್ದ ಲೈನನ್ನು ಮುಟ್ಟಿದ್ದಾನೆ. ತಪ್ಪು ಆತನದೇ."

ಆ ಮೃತ ನನ್ನ ಅಣ್ಣ. ಕಂಬ ಹತ್ತುವವರೆಲ್ಲ ಅವನನ್ನು ಟಿಂಕ ಅನ್ನುತ್ತಿದ್ದರು. ಹೆಸರಿಟ್ಟವನು ನಾನೇ. ನಾಲಿಗೆ ತಿರುಗದ ವಯಸ್ಸಿನಲ್ಲಿ ಅವನ ನಿಜವಾದ ಹೆಸರು ನನ್ನ ಬಾಯಲ್ಲಿ ಹಾಗೆ ಪುಡಿಯಾಗಿತ್ತು. ನಿಗಮದ ಕಾಗದಗಳಲ್ಲಿ ಆ ಹೆಸರಿಲ್ಲ. ಅಲ್ಲಿ ಅವನು ಬರೀ "ಮೃತ".

ಹನ್ನೆರಡು ವರ್ಷ ಕಂಬ ಹತ್ತಿದವನು. ಹೋದ ವಾರ ಅವನ ಮಗಳು, ಎರಡನೇ ಕ್ಲಾಸು, ಮಗ್ಗಿ ಬರೆಯುತ್ತಾ ತಲೆಯೆತ್ತದೆ ಕೇಳಿದಳು, "ಚಿಕ್ಕಪ್ಪ, ಅಪ್ಪಂಗೆ ಕೆಲ್ಸ ಬರ್ತಿರ್ಲಿಲ್ವಾ? ಸ್ಕೂಲಲ್ಲಿ ಹಂಗಂತಾರೆ." ಅತ್ತಿಗೆಯ ಹೊಲಿಗೆ ಮಿಷನ್ ನಿಂತಿತು. ನಾನು ಎದ್ದು ಹೊರಗೆ ಹೋದೆ. ಉತ್ತರ ನನಗೆ ಗೊತ್ತಿತ್ತು, ತೋರಿಸಲು ಕಾಗದ ಇರಲಿಲ್ಲ.

ಈ ಕೋಣೆಯೊಳಕ್ಕೆ ನನ್ನಂಥವನನ್ನು ಬಿಟ್ಟವರು ಸಮಿತಿಯ ಅಧ್ಯಕ್ಷೆ. ನಿಗಮದ ಮೇಲೆ ಕಣ್ಣಿಡಲು ಶಾಸನಸಭೆ ನೇಮಿಸಿದ ಸಮಿತಿ ಅದು. ಅಣ್ಣ ಹೋದ ಮೂರನೇ ವಾರ ಅವರು ನಮ್ಮ ಮನೆಗೆ ಬಂದು, ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತು, ಅತ್ತಿಗೆಯ ಕೈಯನ್ನು ಅರ್ಧ ಗಂಟೆ ಹಿಡಿದುಕೊಂಡಿದ್ದರು. ನಾನು ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು, ಅಣ್ಣನ ಹಾಗೇ ಕಂಬ ಹತ್ತಿದವನೆಂದು ಹೇಳಿದರೆ ನಕ್ಕರು. "ತಮ್ಮಾ, ನಮ್ಮ ಅಧಿಕಾರಿಗಳಿಗೆ ಕಡತ ಓದೋಕೆ ಬರುತ್ತೆ, ತಂತಿ ಓದೋಕೆ ಬರಲ್ಲ. ಅದನ್ನ ನೀನು ಓದಿಕೊಡು," ಅಂದರು. ಮರುದಿನವೇ ನನ್ನ ಫೋಟೋ ಅಂಟಿಸಿದ ಪಾಸು ಮನೆಗೆ ಬಂತು. ಅದನ್ನು ಎದೆಗೆ ಚುಚ್ಚಿಕೊಂಡ ದಿನ, ಈ ದೇಶದಲ್ಲಿ ಒಬ್ಬರಾದರೂ ನಮ್ಮ ಕಡೆ ಇದ್ದಾರೆ ಅನ್ನಿಸಿತ್ತು.

ಈಗ ಕಲ್ಲಿನ ವಿಷಯ.

ಕಂಬ ಹತ್ತುವ ಮುಂಚೆ ಲೈನ್‌ಮ್ಯಾನ್ ಸಬ್‌ಸ್ಟೇಷನ್‌ಗೆ ಬಂದು ಆ ಲೈನಿನ ಕರೆಂಟು ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ. ಅವನು ಇಳಿದು ವಾಪಸ್ ಬಂದು ಹೇಳುವವರೆಗೆ ಯಾರೂ ಸ್ವಿಚ್ ಹಾಕದಂತೆ ಬ್ರೇಕರಿನ, ಅಂದರೆ ಆ ಲೈನಿನ ದೊಡ್ಡ ಸ್ವಿಚ್ಚಿನ, ಹಿಡಿಗೆ ಕೆಂಪು ಬಿಲ್ಲೆ ನೇತುಹಾಕಬೇಕು. ನಮ್ಮ ಸಬ್‌ಸ್ಟೇಷನ್‌ನಲ್ಲಿ ಬಿಲ್ಲೆಗಳು ಕಳೆದು ಒಂಬತ್ತು ವರ್ಷ. ಹೊಸದು ಕೊಡಿ ಎಂದು ಬರೆದ ಪತ್ರಗಳೇ ಒಂದು ಕಡತದಷ್ಟಿವೆ. ಅದಕ್ಕೆ ಹುಡುಗರು ತಮ್ಮದೇ ಪದ್ಧತಿ ಮಾಡಿಕೊಂಡರು. ಹೋಗುವವನು ತನ್ನ ಗಾಡಿಯ ಕೀ ಬ್ರೇಕರಿನ ಹಿಡಿಗೆ ನೇತುಹಾಕಿ, ಗಾಡಿಯನ್ನು ಅಂಗಳದಲ್ಲೇ ಬಿಟ್ಟು, ನಡೆದು ಹೋಗಬೇಕು. ಮನೆಗೆ ಹೋಗಬೇಕೆಂದರೆ ಕೀಗಾಗಿ ಬರಲೇಬೇಕು. ಕೀ ನೇತಾಡುತ್ತಿದೆ ಎಂದರೆ ಅದರ ಒಡೆಯ ಇನ್ನೂ ಮೇಲಿದ್ದಾನೆ.

ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದ್ದರಿಂದಲೇ ನಿಗಮದ ದೊಡ್ಡವರಿಗೆ ಗೊತ್ತಿಲ್ಲ. ಸ್ಕೂಟರು ಕಂಬದ ಕೆಳಗೆ ಸಿಕ್ಕಿತು, ಆದ್ದರಿಂದ ಅವನು ಸಬ್‌ಸ್ಟೇಷನ್‌ಗೆ ಬರಲೇ ಇಲ್ಲ ಎಂದು ಅವರು ಬರೆದರು. ಪೊಲೀಸರು ಒಪ್ಪಿದರು. ನನಗೆ ಮಾತ್ರ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತ್ತು. ಅಣ್ಣ ಕಂಬದ ಕೆಲಸಕ್ಕೆ ಗಾಡಿ ತಗೊಂಡು ಹೋದವನೇ ಅಲ್ಲ. ಹಾಗಾದರೆ ಬೇರೆ ಯಾರೋ ಆ ಕೀಯನ್ನು ಹಿಡಿಯಿಂದ ತೆಗೆದು, ಗಾಡಿ ಓಡಿಸಿಕೊಂಡು ಹೋಗಿ, ಅಲ್ಲಿ ನಿಲ್ಲಿಸಿ ಬಂದಿದ್ದಾರೆ. ಯಾರು?

ಎರಡು ತಿಂಗಳು ನಾನು ನಿಗಮದ ನಿರ್ದೇಶಕನನ್ನೇ ಶಂಕಿಸಿದೆ. ನಮ್ಮ ಭಾಗದ ಎಂಜಿನಿಯರ್ ಅವತ್ತು ರಜೆ. ಉಳಿದವರು ಯಾರೆಂದು ಎಣಿಸಲು ನನ್ನ ಬೆರಳು ಒಪ್ಪುತ್ತಿರಲಿಲ್ಲ.

ಕಂಬದ ಸುತ್ತಲಿನ ಜಾಗ ಇಟ್ಟಿಗೆ ಗೂಡಿನವರು ಮಟ್ಟ ಮಾಡಿದ ಬಯಲು. ಗೋಲಿ ಇಟ್ಟರೂ ಉರುಳುವುದಿಲ್ಲ. ಅಂಥ ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಲ್ಲು ಕೊಡುವ ಮನುಷ್ಯ ನನಗೆ ಗೊತ್ತಿರುವಂತೆ ಒಬ್ಬನೇ. ಹದಿನೈದು ವರ್ಷದ ಹಿಂದೆ ಇಳಿಜಾರಿನಲ್ಲಿ ನಿಲ್ಲಿಸಿದ್ದ ಅವನ ಗಾಡಿ ತಾನಾಗಿ ಹೊರಟು ಹಾಲಿನವನ ಕ್ಯಾನುಗಳಿಗೆ ಗುದ್ದಿ ಬೀದಿಯೆಲ್ಲ ಬೆಳ್ಳಗಾಗಿತ್ತು. ಆಮೇಲೆ ಅವನು ಎಲ್ಲಿ ಗಾಡಿ ನಿಲ್ಲಿಸಿದರೂ ಕಲ್ಲು ಹುಡುಕುತ್ತಾನೆ. ಮಲಗುವಾಗ ಮಂಚಕ್ಕೂ ಕಲ್ಲು ಕೊಡ್ತಾನೆ ಎಂದು ನಾನೂ ಅಣ್ಣನೂ ನಗುತ್ತಿದ್ದೆವು.

ಅವನು ನಮ್ಮ ತಾಯಿಯ ತಮ್ಮ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ ಸೋದರಮಾವ. ಅವತ್ತು ಸಬ್‌ಸ್ಟೇಷನ್‌ನ ಪಾಳಿಯಲ್ಲಿದ್ದ, ಸ್ವಿಚ್ ಹಾಕಿ ತೆಗೆಯುವ ಆಪರೇಟರ್.

ಸಬ್‌ಸ್ಟೇಷನ್ ಮುಂದೆ ಬಸ್ಸಿನಿಂದ ಇಳಿದಾಗ ಹನ್ನೆರಡು. ಆರು ತಿಂಗಳ ಹಿಂದೆ ಕೆಂಪು ಬಿಲ್ಲೆ ಎಲ್ಲಿ ಎಂದು ಕೂಗಾಡಿದ್ದಕ್ಕೆ ಇದೇ ಗೇಟಿನಿಂದ ನನ್ನನ್ನು ಕೆಲಸ ಬಿಡಿಸಿ ಹೊರಗೆ ಹಾಕಿದ್ದರು. ಈಗ ಪಾಸು ನೋಡಿ ಗೇಟಿನವನು ಎದ್ದು ನಿಂತ.

ಕಂಟ್ರೋಲ್ ರೂಮಿನಲ್ಲಿ ಮಾವ ಒಬ್ಬನೇ. ಅತ್ತಿಗೆ ಹೊಲಿದುಕೊಟ್ಟ ದಿಂಬಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಟೆಗಂಟೆಯ ರೀಡಿಂಗ್ ಬರೆಯುತ್ತಿದ್ದ. ಗೋಡೆಯುದ್ದಕ್ಕೂ ಪ್ಯಾನೆಲ್‌ಗಳು ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು. ಅಣ್ಣ ಹತ್ತಿದ ಲೈನಿನ, ನಾಲ್ಕನೆಯ ಬ್ರೇಕರಿನ ಹಿಡಿ ಬರಿದಾಗಿತ್ತು. ನನ್ನನ್ನು ನೋಡಿ ಊಟ ಆಯಿತಾ ಎಂದು ಕೇಳಿದ. ಈ ಮನುಷ್ಯ ಯಮ ಬಂದರೂ ಮೊದಲು ಊಟ ಆಯ್ತಾ ಅನ್ನುತ್ತಾನೆ.

ನಾನು ಫೋಟೋವನ್ನು ಅವನು ಬರೆಯುತ್ತಿದ್ದ ಹಾಳೆಯ ಮೇಲಿಟ್ಟೆ.

"ಈ ಕಲ್ಲು ಯಾರಿಟ್ಟಿದ್ದು ಮಾವ?"

ಯಾವ ಕಲ್ಲು ಎಂದ. ಕನ್ನಡಕ ಒರೆಸಿದ. ಮತ್ತೆ ನೋಡಿದ. ಪೊಲೀಸರು ಇಟ್ಟಿರಬಹುದು, ದನ ಕಾಯುವವರು ಇಟ್ಟಿರಬಹುದು ಎಂದ.

"ನಿನ್ನ ಗಾಡಿ ಈಗ ಅಂಗಳದಲ್ಲಿದೆ. ಅಲ್ಲಿ ಸಿಮೆಂಟ್ ನೆಲ. ಹಿಂದಿನ ಚಕ್ರ ನೋಡ್ಕೊಂಡೇ ಒಳಗೆ ಬಂದೆ."

"ಅಭ್ಯಾಸ ಕಣೋ," ಎಂದ.

ಅಷ್ಟು ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ಪೆನ್ನು ಕೈಯಿಂದ ಜಾರಿ ಮೇಜಿನ ಕೆಳಗೆ ಉರುಳಿತು. ಇಬ್ಬರೂ ಬಗ್ಗಲಿಲ್ಲ.

ಆಮೇಲೆ ಎಲ್ಲ ಬಂತು, ಒಡೆದ ಕೊಳಾಯಿಯಿಂದ ಬಂದ ಹಾಗೆ, ನಿಂತು ನಿಂತು. ಅವತ್ತು ಹನ್ನೊಂದು ಗಂಟೆಗೆ ಅಣ್ಣ ಬಂದದ್ದು ನಿಜ. ಇಟ್ಟಿಗೆ ಗೂಡಿನ ಹತ್ತಿರದ ಕಂಬದಲ್ಲಿ ತಂತಿ ಹಿಡಿದ ಪಿಂಗಾಣಿ ಸೀಳಿ ಕಿಡಿ ಹಾರುತ್ತಿತ್ತು. ಇಬ್ಬರು ಹೋಗಬೇಕಾದ ಕಡೆ ಜನ ಇಲ್ಲದೆ ಒಬ್ಬನೇ ಹೊರಟ. ನಾಲ್ಕನೆಯ ಲೈನಿನ ಕರೆಂಟು ತೆಗೆಸಿದ, ಪುಸ್ತಕದಲ್ಲಿ ಸಹಿ ಹಾಕಿದ, ಕೀ ನೇತುಹಾಕಿದ, ಗದ್ದೆಯ ಅಡ್ಡದಾರಿ ಹಿಡಿದು ನಡೆದ. ಆ ಲೈನಿನಲ್ಲೇ ನಿಗಮದ ಅತಿಥಿಗೃಹವೂ ಇದೆ. ಹನ್ನೊಂದೂವರೆಗೆ ಅಲ್ಲಿಂದ ಫೋನು ಬಂತು. ನಿರ್ದೇಶಕ ಮೊದಲು ಮಾತಾಡಿದ, ಒಂದು ನಿಮಿಷದಲ್ಲಿ ಕರೆಂಟು ಬರಬೇಕು ಎಂದ. ಮಾವ ತಡವರಿಸಿದ. ಫೋನು ಕೈ ಬದಲಾಯಿಸಿತು. ಹೆಣ್ಣು ದನಿ.

"ಯಾರು?"

"ನಾನು ಸಮಿತಿ ಅಧ್ಯಕ್ಷೆ ಮಾತಾಡ್ತಿರೋದು ಅಂದ್ರು."

ನನಗೆ ನಗು ಬಂತು. ಕೆಟ್ಟ ನಗು. ಸಿಕ್ಕಿಬಿದ್ದವನು ಊರಿನ ಮೇಲೆಲ್ಲ ಕೆಸರು ಎರಚುತ್ತಾನೆ ಎಂದುಕೊಂಡೆ. ಅವನು ನಿಲ್ಲಿಸಲಿಲ್ಲ. ಕತ್ತಲಲ್ಲಿ ಕೂರಿಸಿ ನಿರಂತರ ವಿದ್ಯುತ್ ಬಗ್ಗೆ ಭಾಷಣ ಕೇಳಿಸ್ತಿದ್ದೀರಾ, ಇವತ್ತೇ ನಿನ್ನನ್ನ ಸಸ್ಪೆಂಡ್ ಮಾಡಿಸ್ತೀನಿ ಎಂದರಂತೆ. ಮಾವ ಒಂದು ಕೈಯಲ್ಲಿ ಆ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ತನ್ನ ಮೊಬೈಲಿನಿಂದ ಅಣ್ಣನಿಗೆ ರಿಂಗ್ ಮಾಡಿದನಂತೆ.

"ಎಲ್ಲಿ ರಿಂಗಾಯ್ತು?"

"ಕಿಟಕಿ ಕೆಳಗೆ." ಅವನ ದನಿ ಇಳಿಯಿತು. "ಸ್ಕೂಟರ್ ಡಿಕ್ಕಿಲಿ."

"ಅಂದ್ರೆ ಮೇಲಿದ್ದಾನೆ ಅಂತ ಗೊತ್ತಿತ್ತು ನಿಂಗೆ. ಅವರಿಗೆ ಹೇಳಬಾರದಾಗಿತ್ತಾ?"

"ಬಾಯಿ ಬರ್ಲಿಲ್ಲ. ಸರಿ ಮೇಡಂ ಅಂದೆ, ಅಷ್ಟೇ. ಕಂಬದ ಮೇಲೆ ಜನ ಇದ್ದಾರೆ ಅಂತ ಯಾರೂ ಅವರಿಗೆ ಹೇಳ್ಲಿಲ್ಲ."

ಕೀ ಇರೋ ಕಡೆ ಕೈ ಇಡಬೇಡ. ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಇವನೇ ಹೇಳಿಕೊಟ್ಟ ಪಾಠ. ಅಣ್ಣನಿಗೂ ಇವನೇ.

ಸ್ವಿಚ್ ಹಾಕಿದ್ದು ಒಂದು ಕ್ಷಣದ ಕೆಲಸ, ಹೆದರಿಕೆಯ ಕೆಲಸ ಎಂದು ನಾನು ಬಿಟ್ಟುಬಿಡಬಹುದಿತ್ತೇನೋ. ಬಿಡುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಆದರೆ ಮೇಲೆ ಆಳಿದ್ದ ಎಂದು ಆಮೇಲೆ ಇವನೇ ಫೋನು ಮಾಡಿದನಂತೆ, ಹತ್ತು ನಿಮಿಷದಲ್ಲಿ ನಿರ್ದೇಶಕ ಕಾರಿನಲ್ಲಿ ಇಲ್ಲಿಗೆ ಬಂದ. ಮೂರು ತಿಂಗಳಲ್ಲಿ ನಿವೃತ್ತಿ, ಜೈಲು ಬೇಕಾ ಎಂದು ಕೇಳಿದ. ಸಹಿಯಿದ್ದ ಹಾಳೆ ಹರಿದು ಹೊಸ ಹಾಳೆ ಬರೆಸಿದ. ಸ್ಕೂಟರು ಇಲ್ಲಿರಬಾರದು ಎಂದ. ಇವನು ಓಡಿಸಿಕೊಂಡು ಹೋದ.

"ರಸ್ತೆ ಮೇಲಾದ್ರೆ ಎರಡು ಕಿಲೋಮೀಟರು. ನಡುವೆ ರೈಲ್ವೆ ಗೇಟಿದೆ. ಹಾಕಿತ್ತಾ ಅವತ್ತು?"

"ಹಾಕಿತ್ತು."

"ಯಾವ ಗಾಡಿ?"

"ಗೂಡ್ಸು."

"ಅಷ್ಟುದ್ದದ ಗೂಡ್ಸು ಹೋಗೋವರೆಗೂ ಅವನ ಸ್ಕೂಟರ್ ಮೇಲೆ ಕೂತಿದ್ದೆ. ಒಂದ್ಸಲಾನೂ ವಾಪಸ್ ತಿರುಗಿಸೋಣ ಅನ್ನಿಸ್ಲಿಲ್ವಾ?"

ಅವನು ಫೋಟೋವನ್ನು ಬೋರಲು ಹಾಕಿದ.

"ಅಲ್ಲಿಗೆ ಹೋಗಿ ಮೇಲೆ ನೋಡಿದ್ಯಾ?"

"ಇಲ್ಲ."

ಮೇಲೆ ನೋಡದವನು ಕೆಳಗೆ ಬಗ್ಗಿ ಕಲ್ಲು ಹುಡುಕಿದ್ದಾನೆ. ನನ್ನ ಕೈ ತಾನಾಗಿ ಮುಷ್ಟಿಯಾಯಿತು. ಹೊಡೆಯಲಿಲ್ಲ. ಆ ಕೈಗೆ ಅನ್ನ ಕಲಸಿ ಹಾಕಿ ಬೆಳೆಸಿದವನು ಎದುರಿಗೆ ಕೂತು ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ ಎಂದ. ನನ್ನ ಹೊಟ್ಟೆಯಲ್ಲಿ ಅಷ್ಟು ಜಾಗ ಇಲ್ಲ ಎಂದೆ.

ಮೂರು ಗಂಟೆಗೆ ಸಮಿತಿಯ ಮುಂದೆ ಇದನ್ನೇ ಹೇಳಬೇಕು ಎಂದೆ. ತನ್ನನ್ನೂ ಕರೆದಿದ್ದಾರೆ, ಬರುತ್ತೇನೆ, ಹೇಳುತ್ತೇನೆ ಎಂದ. ಆಣೆ ಮಾಡು ಎಂದಾಗ ನಮ್ಮ ಅಮ್ಮನ ಮೇಲೆ ಮಾಡಿದ.

ಬಸ್ಸಿನಲ್ಲಿ ಅರ್ಧ ದಾರಿ ಬರುವವರೆಗೂ ಆ ಹೆಣ್ಣು ದನಿಯ ಮಾತು ಸುಳ್ಳೆಂದೇ ನಂಬಿದ್ದೆ. ಆದರೆ ಅನುಮಾನ ಅನ್ನುವುದು ಚಪ್ಪಲಿಯೊಳಗೆ ಸೇರಿದ ಮರಳು. ನಡೆಯಬಹುದು, ಮರೆಯಲು ಬಿಡುವುದಿಲ್ಲ.

ಎರಡು ಗಂಟೆಗೆ ಶಾಸನಸಭೆಯ ದಾಖಲೆ ಕೋಣೆಯಲ್ಲಿದ್ದೆ. ಅಲ್ಲಿನ ಕಾವಲು ಒಬ್ಬ ಮುದುಕನದು. ಎಲ್ಲರೂ ಅವನನ್ನು ಕಡತಜ್ಜ ಅನ್ನುತ್ತಾರೆ. ಮೂವತ್ತು ವರ್ಷದ ಧೂಳು ಕುಡಿದು ದನಿಯೇ ಕಾಗದ ಹರಿದಂತೆ ಆಗಿದೆ. ಅಣ್ಣ ಸತ್ತ ದಿನ ಸಮಿತಿಯ ಯಾವುದಾದರೂ ಕೆಲಸ ನಿಗಮದ ಅತಿಥಿಗೃಹದಲ್ಲಿ ನಡೆದಿತ್ತಾ ಎಂದು ಕೇಳಿದೆ.

ನಡೆದಿತ್ತು. ನಿರ್ದೇಶಕನ ಹೇಳಿಕೆ ಪಡೆಯಲು ಅಧ್ಯಕ್ಷೆ ಒಬ್ಬರೇ ಹೋಗಿದ್ದರು. ಜೊತೆಗೆ ಒಬ್ಬ ಶೀಘ್ರಲಿಪಿಗಾರ, ಮಾತಾಡಿದ್ದನ್ನು ಮಾತಾಡಿದಷ್ಟೇ ವೇಗದಲ್ಲಿ ಗುರುತುಗಳಲ್ಲಿ ಬರೆದುಕೊಳ್ಳುವವರು. ಕಡತಜ್ಜ ಹೆಮ್ಮೆಯಿಂದ ಹೇಳಿದ, "ನಮ್ಮಲ್ಲಿ ಸದಸ್ಯರು ಕೆಮ್ಮಿದ್ರೂ ಬರೀತಾರೆ ಕಣಪ್ಪಾ. ನಿಜ ಹೇಳಿದ್ದು ಒಂದು ಬರೆಯೋಕೆ ಸಿಗಲ್ಲ."

ಟೈಪಾದ ಪ್ರತಿ ತೆಗೆದ. ನಾಲ್ಕನೆಯ ಪುಟದ ನಡುವೆ ಮೂರು ನಕ್ಷತ್ರ. ಅದರ ಕೆಳಗೆ: "ಬೆಳಗ್ಗೆ 11.28ರಿಂದ 11.36ರವರೆಗಿನ ಭಾಗವನ್ನು ಅಧ್ಯಕ್ಷರ ಆದೇಶದಂತೆ ನಡಾವಳಿಯಿಂದ ತೆಗೆದುಹಾಕಲಾಗಿದೆ." ಪಕ್ಕದಲ್ಲಿ ಸಹಿ. ಸಹಿಯ ಕೆಳಗೆ ತಾರೀಖು.

ಅಣ್ಣ ಸತ್ತ ಮರುದಿನದ ತಾರೀಖು.

ಅಂದರೆ ಚಾಪೆಯ ಮೇಲೆ ಕೂತು ಅತ್ತಿಗೆಯ ಕೈ ಹಿಡಿಯುವ ಮೊದಲೇ. ನನ್ನನ್ನು ತಮ್ಮಾ ಎಂದು ಕರೆಯುವ ಮೊದಲೇ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಎಷ್ಟು ಸಲ ಅಂದಿಲ್ಲ ನಾವು. ಆ ಬೇಲಿ ಮನೆಗೆ ಬಂದು ನೀರು ಕುಡಿದು ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಗುರುತುಗಳಲ್ಲಿ ಬರೆದ ಮೂಲ ಪುಸ್ತಕ ಎಲ್ಲಿ ಎಂದೆ. ಕಪಾಟಿನಲ್ಲಿದೆ, ಅಧ್ಯಕ್ಷರು ಹೇಳಿದರೆ ಮಾತ್ರ ಹೊರಗೆ ಬರುತ್ತದೆ ಎಂದ. ಬಂದರೂ ಏನೂ ಉಪಯೋಗವಿಲ್ಲವಂತೆ. ಬರೆದವರು ಹಳೇ ಕಾಲದವರು, ಅರ್ಧ ಗುರುತುಗಳು ಅವರೇ ಕಟ್ಟಿಕೊಂಡದ್ದು, ಬೇರೆ ಯಾವ ಶೀಘ್ರಲಿಪಿಗಾರನಿಗೂ ಓದಲು ಬರುವುದಿಲ್ಲ. ಅವರು ಹೋದ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡರು.

ಮೂರು ಗಂಟೆ. ಉದ್ದನೆಯ ಮೇಜು, ಹಸಿರು ಬಟ್ಟೆ, ಏಳು ಸದಸ್ಯರು. ನಡುವೆ ಅಧ್ಯಕ್ಷೆ. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು. ಸಾಕ್ಷಿಗಳ ಬೆಂಚಿನ ಮೇಲೆ ಮಾವ ಆಗಲೇ ಕೂತಿದ್ದ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಸಬ್‌ಸ್ಟೇಷನ್‌ನಿಂದ ಆ ಹೊತ್ತಿಗೆ ಬೇರೆ ಬಸ್ಸಿಲ್ಲ. ಪಕ್ಕದಲ್ಲಿ ನಿರ್ದೇಶಕ ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

ಪ್ರಮಾಣ ಮಾಡಿ ನಾನು ಎಲ್ಲ ಹೇಳಿದೆ. ಬಿಲ್ಲೆ, ಕೀ, ಕಲ್ಲು. ಸದಸ್ಯರು ಫೋಟೋವನ್ನು ಕೈಯಿಂದ ಕೈಗೆ ದಾಟಿಸಿದರು. ವಿರೋಧ ಪಕ್ಷದ ಮುದುಕರೊಬ್ಬರು, ಮಾತಾಡಿದರೆ ಹಲ್ಲಿನ ಸೆಟ್ಟು ಟಕ್ ಅನ್ನುವವರು, ಮೂರು ಸಲ ನೋಡಿದರು. ಆಮೇಲೆ ಅಧ್ಯಕ್ಷೆ ಮಾವನನ್ನು ಎಬ್ಬಿಸಿದರು.

ಅವನು ನನ್ನ ಕಡೆ ನೋಡಲಿಲ್ಲ. ಲೈನ್‌ಮ್ಯಾನ್ ಅವತ್ತು ಸಬ್‌ಸ್ಟೇಷನ್‌ಗೆ ಬಂದಿರಲಿಲ್ಲ ಎಂದ. ಕೀ ಇರಲಿಲ್ಲ, ಸಹಿ ಇರಲಿಲ್ಲ, ಲೈನು ನಿಂತೇ ಇರಲಿಲ್ಲ ಎಂದ. ಪಾಠ ಒಪ್ಪಿಸುವ ಮಗುವಿನ ಹಾಗೆ, ಒಂದೇ ದನಿಯಲ್ಲಿ. ಕೊನೆಗೆ ಮಾತ್ರ ಸ್ವಂತದ್ದೊಂದು ಸೇರಿಸಿದ.

"ಅಳಿಯ ದುಃಖದಲ್ಲಿದ್ದಾನೆ. ಅವನ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ."

ಮೂರು ಗಂಟೆಯ ಹಿಂದೆ ಅಮ್ಮನ ಮೇಲೆ ಆಣೆ ಮಾಡಿದ ಬಾಯಿ ಅದು. ನನ್ನ ಕಿವಿಯಲ್ಲಿ ಪ್ಯಾನೆಲ್‌ಗಳ ಗುಂಯ್ ಶುರುವಾಯಿತು. ಕುರ್ಚಿ ಎತ್ತಿ ಎಸೆಯಬೇಕು ಅನ್ನಿಸಿತು. ಎಸೆದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಹುಚ್ಚನ ಸಾಕ್ಷಿ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು.

"ಮೇಡಂ, ಆವತ್ತಿನ ನಡಾವಳಿಯಲ್ಲಿ ಎಂಟು ನಿಮಿಷ ಇಲ್ಲ. ತೆಗೆಸಿದ್ದು ನೀವು."

ಹಲ್ಲಿನ ಸೆಟ್ಟು ಟಕ್ ಎಂದಿತು. ಏನದು ಎಂದು ಮುದುಕರು ಮುಂದಕ್ಕೆ ಬಾಗಿದರು.

ಅಧ್ಯಕ್ಷೆ ಒಂದಿಷ್ಟೂ ಬೆದರಲಿಲ್ಲ. ಹೌದು ಎಂದರು. ಅತಿಥಿಗೃಹದಲ್ಲಿ ದೀಪ ಹೋಗಿತ್ತು, ಫ್ಯೂಸ್ ಇರಬೇಕು, ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಗದರಿದ್ದೆ, ನಾಲ್ಕು ಹರಟೆ ಮಾತು, ವಿಷಯಕ್ಕೆ ಸಂಬಂಧವಿಲ್ಲದ್ದನ್ನು ತೆಗೆಸುವುದು ವಾಡಿಕೆ ಎಂದರು. ಅವರ ಕಣ್ಣಲ್ಲಿ ನೀರು ಆಡಿತು. ಅದು ಚಾಪೆಯ ಮೇಲೆ ಆಡಿದ್ದ ನೀರೇ.

"ಕಂಬದ ಮೇಲೆ ಜನ ಇದ್ದಾರೆ ಅಂತ ಯಾರೂ ನನಗೆ ಹೇಳ್ಲಿಲ್ಲ. ಹೇಳಿದ್ದರೆ ನಾನು ಸುಮ್ಮನಿರ್ತಿದ್ನಾ?"

ಸದಸ್ಯರು ತಲೆಯಾಡಿಸಿದರು. ಒಂದು ಗಳಿಗೆ ನಾನೂ ನಂಬಿಬಿಡುತ್ತಿದ್ದೆ. ಆದರೆ ಆ ವಾಕ್ಯವನ್ನು ನಾನು ಮಧ್ಯಾಹ್ನವೇ ಕೇಳಿದ್ದೆ, ಮಾವನ ಬಾಯಲ್ಲಿ. ಪದಕ್ಕೆ ಪದ. ಅಳುತ್ತಿರುವವನು ಅಷ್ಟು ನೀಟಾಗಿ ಮಾತಾಡುವುದಿಲ್ಲ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಮೂಲ ಪುಸ್ತಕ ತರಿಸಿ ಎಂದೆ. ನಿರ್ದೇಶಕ ಎದ್ದು ಆಕ್ಷೇಪಿಸಿದ. ಅಧ್ಯಕ್ಷೆ ಅವನನ್ನು ಕೈಯಲ್ಲೇ ಕೂರಿಸಿದರು. ಮುಚ್ಚಿಡುವಂಥದ್ದು ತಮ್ಮ ಹತ್ತಿರ ಏನೂ ಇಲ್ಲ, ತರಿಸೋಣ ಎಂದರು. ಕಡತಜ್ಜ ತಂದ. ಅವರೇ ಪುಟ ಹುಡುಕಿ, ಪುಸ್ತಕ ತಿರುಗಿಸಿ, ಹಸಿರು ಬಟ್ಟೆಯ ಮೇಲೆ ನನ್ನ ಕಡೆಗೆ ಜಾರಿಸಿದರು.

"ಓದಿ ಸಾಕ್ಷಿಯವರೇ. ಎಂಟನೇ ಕ್ಲಾಸಿಗೆ ಬಿಟ್ಟಿದ್ದೀರಿ ಅಂತ ಕೇಳಿದ್ದೆ. ನಿಧಾನವಾಗಿ ಓದಿ."

ಯಾರೋ ನಕ್ಕರು. ತಮ್ಮಾ ಹೋಗಿ ಸಾಕ್ಷಿಯವರೇ ಬಂದಿತ್ತು.

ಪುಟದ ತುಂಬ ಕೊಕ್ಕೆಗಳು, ಗೀಟುಗಳು, ಚುಕ್ಕೆಗಳು. ಇರುವೆಗಳು ಕಾಲು ಮುರಿದುಕೊಂಡು ಬಿದ್ದ ಹಾಗೆ. ಸತ್ತವನ ಬರಹ, ಲೋಕದಲ್ಲಿ ಯಾರಿಗೂ ಬಾರದ ಭಾಷೆ. ಮೊದಲ ಸಾಲಿನಿಂದ ಬೆರಳಿಟ್ಟು ಕೆಳಗೆ ಬಂದೆ. ನಗು ಇನ್ನೂ ನಿಂತಿರಲಿಲ್ಲ. ಹದಿಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

ಗುರುತು ಕಟ್ಟಿಕೊಂಡಿರದ ಹೊಸ ಹೆಸರು ಕಿವಿಗೆ ಬಿದ್ದಾಗ ಆ ಮನುಷ್ಯ ಅದನ್ನು ಅಕ್ಷರದಲ್ಲೇ ಬರೆದುಕೊಂಡಿದ್ದರು. ಒಂದನೇ ಕ್ಲಾಸಿನ ಮಗುವೂ ಓದಬಹುದಾದ ದುಂಡು ಅಕ್ಷರ. ಮುಂದೆ ಒಂದು ಪ್ರಶ್ನೆ ಚಿಹ್ನೆ.

ಟಿಂಕ?

ಅತಿಥಿಗೃಹದಲ್ಲಿದ್ದ ಮೂವರಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಯಾವ ಕಾಗದದಲ್ಲೂ ಅದಿಲ್ಲ. ಆ ಕೋಣೆಯೊಳಕ್ಕೆ ಅದು ಬರಲು ಇದ್ದ ದಾರಿ ಒಂದೇ, ಫೋನಿನ ತಂತಿ. ಆ ತುದಿಯಲ್ಲಿ ಒಬ್ಬ ಹೇಳಿದ್ದ. ಈ ತುದಿಯಲ್ಲಿ ಒಬ್ಬರು ಕೇಳಿಸಿಕೊಂಡು, ಯಾರದು ಎಂದು ಬಾಯಿ ಬಿಟ್ಟು ಕೇಳಿದ್ದರು. ಆಮೇಲೂ ಕರೆಂಟು ಬಂದಿತ್ತು.

ನಾನು ಏನೂ ಹೇಳಲಿಲ್ಲ. ತುಟಿ ಅಲುಗಿಸಲಿಲ್ಲ. ಬೆರಳನ್ನೂ ಎತ್ತಲಿಲ್ಲ.

ಏನಾದರೂ ಅರ್ಥವಾಯಿತಾ ಎಂದು ಕೇಳುತ್ತಾ ಅಧ್ಯಕ್ಷೆ ಪುಸ್ತಕಕ್ಕೆ ಕೈ ಚಾಚಿದರು. ನಾನು ಅದನ್ನು ಎದೆಗೆ ಒತ್ತಿಕೊಂಡೆ. ಆಗ ಹಿಂದಿನ ಬೆಂಚಿನಿಂದ ಮಾವ ಎದ್ದ ಸದ್ದು ಕೇಳಿಸಿತು.

"ಕೊಟ್ಬಿಡು ಕಣೋ ಅದನ್ನ," ಎಂದ. "ಫೋನಲ್ಲಿ ನಾನು ಅವನ ಹೆಸರು ಹೇಳಿದ್ದು ನಿಜ. ಕೊಟ್ಬಿಡು. ನಿನ್ನನ್ನೂ ಉಳಿಸಲ್ಲ ಇವ್ರು."